‘ಕೃಷ್ಣ’ನಿಗೆ 11ನೇ ಸಂಖ್ಯೆ ಏಕೆ?

ರಾಮನ ತಾಯಿ ಯಾರು? 1967ರಲ್ಲಿ ದೆಹಲಿ ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮದಲ್ಲಿ ಈ ಪ್ರಶ್ನೆಗೆ ಸ್ಪರ್ಧಿಗಳು ನಿರುತ್ತರರಾದರು. ಗ್ರೀಕ್ ಪುರಾಣದ ಪ್ರಶ್ನೆಗಳಿಗೆ ಮಾತ್ರ ಅವರಲ್ಲಿ ಉತ್ತರವಿತ್ತು! ಇದನ್ನು ಕಂಡು ಕಳವಳಗೊಂಡವರು ಅನಂತ ಪೈ. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು, 12ರ ಹರೆಯದಲ್ಲಿ ಮುಂಬಯಿ ಸೇರಿದವರು ಅವರು.

‘ಅಮರ ಚಿತ್ರಕಥೆ’ಯ ಹುಟ್ಟಿನ ಬಗ್ಗೆ ಎಲ್ಲರೂ ಹೇಳುವ ಸಂಗತಿ ಇದು. ಆದರೆ ಇದಕ್ಕೂ ಮುಂಚೆ ಕನ್ನಡದ ಅಧ್ಯಾಯವೊಂದಿದೆ. ಇಂಡಿಯಾ ಬುಕ್ ಹೌಸ್ ಪ್ರಕಾಶನಕ್ಕೆ ಬೆಂಗಳೂರಿನ ಜಿ.ಕೆ. ಅನಂತರಾಮ್ ನೀಡಿದ ಸಲಹೆಯಂತೆ 1965ರಲ್ಲೇ ಈ ಮಾಲಿಕೆ ಕನ್ನಡದಲ್ಲಿ ಹೊರಬಂದಿತ್ತು. ಸ್ನೋ ವೈಟ್, ಪಿನೋಕಿಯೊ, ಸಿಂಡ್ರೆಲಾ ಮುಂತಾದ ಹತ್ತು ವಿದೇಶಿ ಕಥೆಗಳು ಅದರಲ್ಲಿದ್ದವು. ಈ ಮೂರನ್ನೂ 1937ರಿಂದ 1950ರೊಳಗೆ ವಾಲ್ಟ್ ಡಿಸ್ನಿ ಕಾರ್ಟೂನ್ ಚಿತ್ರಗಳಾಗಿ ಬೆಳ್ಳಿತೆರೆಗೆ ತಂದು ಜಗತ್ತಿನ ಮಕ್ಕಳನ್ನು ಮರುಳುಗೊಳಿಸಿದ್ದರು.

ಹತ್ತು ಸಂಖ್ಯೆಗಳು ಹೀಗೆ ಮೊದಲೇ ಸಂದುಹೋಗಿದ್ದವು. ಆದ್ದರಿಂದಲೇ ಪೈ ಬರೆದು, ರಾಮ್ ವಾಯಿರ್‌ಕರ್ ಚಿತ್ರ ಬಿಡಿಸಿದ ‘ಕೃಷ್ಣ’ನಿಗೆ ದಕ್ಕಿದ್ದು 11ನೇ ಸಂಖ್ಯೆ. ಅಲ್ಲಿಂದ ಮುಂದೆ ದೇಶದ ಪುರಾಣ, ಇತಿಹಾಸಗಳು ಮಾಲಿಕೆಯನ್ನು ತುಂಬಿದವು. 1980ರಲ್ಲಿ ‘ಟಿಂಕಲ್’ ಆರಂಭಿಸಿದ ಪೈ, ಮಕ್ಕಳ ಪಾಲಿಗೆ ‘ಅಂಕಲ್ ಪೈ’ ಆದರು.

2011ರ ಫೆಬ್ರವರಿ 24ರಂದು ಅವರು ತೀರಿಕೊಂಡರು. ಮರುವರ್ಷ ಅಮರ ಚಿತ್ರಕಥೆಯ ಸಂಸ್ಥೆಯಿಂದ ‘ಸನ್ಸ್ ಆಫ್ ರಾಮ್’ ಎಂಬ ಅನಿಮೇಷನ್ ಚಿತ್ರ ತೆರೆಕಂಡಿತು. ಪುಟದ ಮೇಲೆ ನಿಂತಿದ್ದ ಚಿತ್ರಗಳಿಗೆ ಚಲನೆ ಬಂತು.

ಪೈ ಅವರ ಸಾಧನೆ ಕಾರ್ಕಳಕ್ಕೆ ಹೆಮ್ಮೆ. ಅದರ ಜತೆಗೆ ಕನ್ನಡದ ಆ ಮೊದಲ ಹತ್ತು ಪುಸ್ತಕಗಳಿಗೂ ನೆನಪಿನಲ್ಲಿ ಜಾಗ ಸಲ್ಲಬೇಕು.