ಕ್ಲೋಸ್‌ಪೇಟೆ ಬಂಡೆಯ ಕಥೆ

ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನ ಕ್ಲೋಸ್‌ಪೇಟೆ ಇಂದು ರಾಮನಗರ. ಊರಿನ ಹೆಸರು ಹೋಯಿತು, ಬಂಡೆ ಮಾತ್ರ ಇನ್ನೂ ಕ್ಲೋಸ್‌ಪೇಟೆ ಗ್ರಾನೈಟ್! ವಯಸ್ಸು ಸುಮಾರು 250 ಕೋಟಿ ವರ್ಷ. ಸಾವನದುರ್ಗ, ಮಧುಗಿರಿ ದಾಟಿ ಉತ್ತರಕ್ಕೆ ಸುಮಾರು 400 ಕಿ.ಮೀ. ಹಬ್ಬಿದೆ.

ಆದರೆ ಎಲ್ಲ ಕಡೆ ಒಂದೇ ತೆರನಲ್ಲ. ದಕ್ಷಿಣದ ನೆಲ ಹೆಚ್ಚು ಮೇಲೆದ್ದು ಸವೆದಿದೆ. ಹಾಗಾಗಿ ಅಲ್ಲಿ ನಮಗೆ ಕಾಣುವುದು ಆಳದ ಬೇರು: ಕರಗಿದ ಕಲ್ಲು ಹಳೆಯ ಪಟ್ಟೆಗಲ್ಲಿನೊಳಗೆ ಕಲೆಸಿಹೋಗಿದೆ. ಉತ್ತರದಲ್ಲಿ ಕಾಣುವುದು ಮೇಲಿನ ಭಾಗ, ಅಲ್ಲಿ ಗ್ರಾನೈಟಿನ ಅಂಚು ಸ್ಪಷ್ಟ. ಬಂಡೆಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಗುಲಾಬಿ ಹರಳು ಕಂಡರೆ ಅದು ಫೆಲ್ಡ್‌ಸ್ಪಾರ್, ನೆಲದಾಳದಲ್ಲಿ ನಿಧಾನವಾಗಿ ಆರಿದ್ದರ ಗುರುತು.

ಕ್ವಾರಿಯಲ್ಲಿ ಸಿಡಿದು ಜಲ್ಲಿಯಾದ ಮೇಲೆ ಈ ಬೇರು, ಅಂಚು ಯಾವುದನ್ನೂ ಓದಲಾಗದು. ಒಂದೆರಡು ಗುಡ್ಡವನ್ನಾದರೂ ಹಾಗೇ ಬಿಡಿ ಎಂದು ಗ್ರಾಮಸಭೆಯಲ್ಲಿ ನಾವೇ ಕೇಳಬೇಕು.