ಅಭಿವ್ಯಕ್ತಿ ಸೊನ್ನೆಯೋ, ಜೀನೇ ಇಲ್ಲವೋ: ಭತ್ತದ ದತ್ತಸಂಚಯಗಳ ಸಂಯೋಜನೆ ಕುರಿತು

ಪೀಠಿಕೆ

ಒಂದು ಸಸ್ಯದ ಜೀನೋಮ್ ಬೇರಿನಲ್ಲೂ ಎಲೆಯಲ್ಲೂ ಬಹುಮಟ್ಟಿಗೆ ಒಂದೇ. ಆದರೆ ಜೀನುಗಳ ಅಭಿವ್ಯಕ್ತಿ ಅಂಗ, ವಯಸ್ಸು, ಹೊತ್ತು ಮತ್ತು ಒತ್ತಡಗಳಿಗೆ ತಕ್ಕಂತೆ ಏರಿಳಿಯುತ್ತದೆ. ಸ್ವಭಾವದಲ್ಲೇ ಭಿನ್ನವಾದ ಈ ಎರಡು ಬಗೆಯ ದತ್ತಾಂಶವನ್ನು ಒಂದೆಡೆ ಕೂಡಿಸಿದರೆ, ಒಂದು ಗುಣಕ್ಕೆ ಕಾರಣವಾದ ವರ್ಣತಂತುವಿನ ಭಾಗದಿಂದ ನಿರ್ದಿಷ್ಟ ಜೀನಿನವರೆಗೆ ತಲುಪುವ ದಾರಿ ಹತ್ತಿರವಾಗುತ್ತದೆ. ಈ ಸಂಯೋಜನೆ ಒಂದೇ ತಳಿಯ ಆಕರ ಜೀನೋಮನ್ನು ನೆಚ್ಚಿಕೊಂಡರೆ ಎಲ್ಲಿ ಸೋಲುತ್ತದೆ ಎಂಬುದನ್ನು ಭತ್ತದ ನಿದರ್ಶನದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಗುರುತು ಮತ್ತು ಸಂದರ್ಭ

ಅಂತರರಾಷ್ಟ್ರೀಯ ಯೋಜನೆಯೊಂದು ಜಪಾನಿನ ನಿಪ್ಪೋನ್‌ಬಾರೆ ತಳಿಯ ಜೀನೋಮ್ ಅನುಕ್ರಮವನ್ನು 2005ರಲ್ಲಿ ಪ್ರಕಟಿಸಿತು; ಭತ್ತದ ಆಕರ ಜೀನೋಮ್ ಅದೇ. ಜಪಾನಿನ ರ್‍ಯಾಪ್ ಎಂಬ ಜೀನು-ಟಿಪ್ಪಣಿ ಯೋಜನೆ ಮತ್ತು ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ ಅದರ ಜೀನುಗಳಿಗೆ ಬೇರೆ ಬೇರೆ ಗುರುತು ಸಂಖ್ಯೆಗಳನ್ನು ಕೊಟ್ಟವು. 2013ರಲ್ಲಿ ಎರಡೂ ಕಡೆಯವರಿಗೆ ಒಪ್ಪಿಗೆಯಾದ ಅನುಕ್ರಮ ಬಂದರೂ ಎರಡು ಸಂಖ್ಯಾಕ್ರಮಗಳು ಉಳಿದುಕೊಂಡವು. ಆದ್ದರಿಂದ ಅವೆರಡನ್ನೂ ಜೋಡಿಸುವ ಪಟ್ಟಿ ಸಂಯೋಜನೆಯ ಮೊದಲ ಅಗತ್ಯ. ಅಂಗ, ಬೆಳವಣಿಗೆಯ ಹಂತ ಮತ್ತು ಉಪಚಾರವನ್ನು ಸಮಾನ ಪರಿಭಾಷೆಯಲ್ಲಿ ದಾಖಲಿಸುವುದು ಎರಡನೆಯದು. ಅದಿಲ್ಲದ ಅಭಿವ್ಯಕ್ತಿಯ ಅಂಕಿ ಹೋಲಿಕೆಗೆ ಒದಗದು.

ಸಬ್1ಎ ನಿದರ್ಶನ

ಮುಳುಗಡೆಯನ್ನು ತಡೆದುಕೊಳ್ಳುವ ಗುಣಕ್ಕೆ 9ನೇ ವರ್ಣತಂತುವಿನಲ್ಲಿರುವ ಸಬ್1ಎ ಜೀನು ಕಾರಣವೆಂದು 2006ರಲ್ಲಿ ತಿಳಿದುಬಂತು. ಒಡಿಶಾ ಮೂಲದ ಎಫ್‌ಆರ್13ಎ ತಳಿಯಲ್ಲಿ ಅದರ ಸಹಿಷ್ಣು ರೂಪವಿದೆ, ಐಆರ್64ರಲ್ಲಿ ದುರ್ಬಲ ರೂಪವಿದೆ, ನಿಪ್ಪೋನ್‌ಬಾರೆಯಲ್ಲಿ ಆ ಜೀನೇ ಇಲ್ಲ. ಹೀಗಾಗಿ ಎಫ್‌ಆರ್13ಎಯ ಆರ್‌ಎನ್‌ಎ ತುಣುಕುಗಳನ್ನು ನಿಪ್ಪೋನ್‌ಬಾರೆಯೊಡನೆ ಮಾತ್ರ ತಾಳೆ ನೋಡಿದರೆ, ಸಬ್1ಎಯ ತುಣುಕುಗಳು ನೆಲೆ ಸಿಗದೆ ಕೈಬಿಟ್ಟುಹೋಗಬಹುದು. ಇಲ್ಲವೆ ಅದನ್ನು ಹೋಲುವ ಸಬ್1ಬಿ, ಸಬ್1ಸಿ ಜೀನುಗಳ ಲೆಕ್ಕಕ್ಕೆ ತಪ್ಪಾಗಿ ಸೇರಬಹುದು. ಇದು ಒಂಟಿ ಪ್ರಕರಣವಲ್ಲ. ರಂಜಕ ಕಡಿಮೆಯಿರುವ ಮಣ್ಣಿನಲ್ಲಿ ಬೇರಿನ ಬೆಳವಣಿಗೆಗೆ ನೆರವಾಗುವ, ಕಸಲತ್ ತಳಿಯ ಪಿಸ್ಟಾಲ್1 ಜೀನು ಕೂಡ ನಿಪ್ಪೋನ್‌ಬಾರೆಯಲ್ಲಿಲ್ಲ.

ಉಪಸಂಹಾರ

ಜೀನು ಇದ್ದೂ ಅಭಿವ್ಯಕ್ತವಾಗದಿರುವುದು ನಿಯಂತ್ರಣದ ಪ್ರಶ್ನೆ. ಜೀನೇ ಇಲ್ಲದಿರುವುದು ವಂಶವಾಹಿ ವೈವಿಧ್ಯದ ಪ್ರಶ್ನೆ. ಎರಡನ್ನೂ ಸೊನ್ನೆ ಎಂದು ಬರೆದಿಡುವ ದತ್ತಸಂಚಯ ತಳಿ ಅಭಿವೃದ್ಧಿಗೆ ನೆಚ್ಚಿನ ಆಧಾರವಾಗದು. 3,010 ಭತ್ತದ ತಳಿಗಳ ಜೀನೋಮ್ ವಿಶ್ಲೇಷಣೆ 2018ರಲ್ಲೇ ಪ್ರಕಟವಾಗಿರುವುದರಿಂದ ಬಹುತಳಿ ಆಕರಕ್ಕೆ ಬೇಕಾದ ಸಾಮಗ್ರಿಗೆ ಕೊರತೆಯಿಲ್ಲ. ಪ್ರತಿ ಅಭಿವ್ಯಕ್ತಿ ದಾಖಲೆಯೊಡನೆ ತಳಿಯ ಹೆಸರು, ತಾಳೆಗೆ ಬಳಸಿದ ಆಕರ ಮತ್ತು ಆ ತಳಿಯಲ್ಲಿ ಜೀನು ಇದೆಯೇ ಎಂಬ ಸೂಚನೆ ಕಡ್ಡಾಯವಾಗಬೇಕು.