ಸಾರ್ವಜನಿಕ ಸ್ಥಳಗಳಲ್ಲಿ ಬಿಸಿಲು ಮತ್ತು ನೆರಳು

ಉದ್ಯಾನ, ಬಸ್ ತಂಗುದಾಣ, ಸಂತೆ ಮೈದಾನಗಳ ಉಪಯುಕ್ತತೆಯು ಅವುಗಳ ವಿಸ್ತೀರ್ಣಕ್ಕಿಂತ ಹೆಚ್ಚಾಗಿ ಯಾವ ಹೊತ್ತಿನಲ್ಲಿ ಎಲ್ಲಿ ನೆರಳು ಬೀಳುತ್ತದೆ ಎಂಬುದನ್ನು ಅವಲಂಬಿಸಿದೆ. ಪುಣೆಯಿಂದ ಉತ್ತರಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ, ನಾಸಿಕ್ ಹೆದ್ದಾರಿಯ ಮೇಲಿರುವ ಚಾಕಣವು ಇಂದು ಪ್ರಮುಖ ಕೈಗಾರಿಕಾ ಪಟ್ಟಣ. ಪಾಳಿ ಮುಗಿಸಿದ ಕಾರ್ಮಿಕರು ವಾಹನಕ್ಕೆ ಕಾಯುವಲ್ಲಿ, ಹಿರಿಯರು ಸಂಜೆ ಕೂರುವಲ್ಲಿ ನೆರಳು ಅಲಂಕಾರವಲ್ಲ, ಆರೋಗ್ಯದ ಪ್ರಶ್ನೆ.

ಸೂರ್ಯನ ಪಥ

ಚಾಕಣವು ಸುಮಾರು 18.75 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದ್ದರಿಂದ ಮೇ ಮಧ್ಯಭಾಗದಲ್ಲಿ ಹಾಗೂ ಜುಲೈ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯನು ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಯಾವ ಸೂರಾದರೂ ನೆರಳು ನೀಡಬಲ್ಲದು. ಕಷ್ಟವಿರುವುದು ಇಳಿಹೊತ್ತಿನ ಪಡುವಣ ಬಿಸಿಲಿನಲ್ಲಿ. ಮೇ ಮಧ್ಯದಲ್ಲಿ ಸಂಜೆ 4.30ಕ್ಕೆ ಸೂರ್ಯನು ದಿಗಂತದಿಂದ ಸುಮಾರು 34 ಡಿಗ್ರಿ ಎತ್ತರದಲ್ಲಿರುತ್ತಾನೆ. 3 ಮೀಟರ್ ಎತ್ತರದ ಸೂರಿನ ನೆರಳು ನೆಲದ ಮೇಲೆ ಸುಮಾರು ನಾಲ್ಕೂವರೆ ಮೀಟರ್ ಪೂರ್ವಕ್ಕೆ ಸರಿದಿರುತ್ತದೆ. ಪಶ್ಚಿಮಕ್ಕೆ ತೆರೆದ, 2 ಮೀಟರ್ ಆಳದ ತಂಗುದಾಣದಲ್ಲಿ ಕುಳಿತವರಿಗೆ ಆಗ ಬಿಸಿಲೇ ಗತಿ.

ಚಳಿಗಾಲದಲ್ಲಿ ಬೇಕಾಗುವುದು ಇದಕ್ಕೆ ವಿರುದ್ಧ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನವೂ ಸೂರ್ಯನು ಸುಮಾರು 48 ಡಿಗ್ರಿಗಿಂತ ಮೇಲೇರುವುದಿಲ್ಲ. 10 ಮೀಟರ್ ಎತ್ತರದ ಕಟ್ಟಡವು ಉತ್ತರಕ್ಕೆ 9 ಮೀಟರ್ ನೆರಳು ಚೆಲ್ಲುತ್ತದೆ. ಎಳೆಬಿಸಿಲು ಬಯಸುವ ಹಿರಿಯರ ಆಸನಗಳನ್ನು ಅಲ್ಲಿಡುವುದು ಸರಿಯಲ್ಲ.

ಮರದ ನೆರಳು

ಕಾದ ತಗಡು ಕೆಳಗಿರುವವರ ಮೇಲೂ ಶಾಖವನ್ನು ಸೂಸುತ್ತದೆ. ಎಲೆಗಳಾದರೋ ನೀರನ್ನು ಆವಿಯಾಗಿಸಿ ಗಾಳಿಯನ್ನು ತಂಪಾಗಿಡುತ್ತವೆ. ಹರಿಣಿ ನಾಗೇಂದ್ರ ಹಾಗೂ ಸಹಸಂಶೋಧಕರು ಬೆಂಗಳೂರಿನ ರಸ್ತೆಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರಗಳಿದ್ದೆಡೆ ಮಧ್ಯಾಹ್ನದ ಗಾಳಿಯ ಉಷ್ಣಾಂಶವು 5.6 ಡಿಗ್ರಿ ಸೆಲ್ಸಿಯಸ್‌ವರೆಗೆ, ರಸ್ತೆಯ ಮೇಲ್ಮೈಯ ಉಷ್ಣಾಂಶವು 27.5 ಡಿಗ್ರಿಯವರೆಗೆ ಕಡಿಮೆಯಿತ್ತು.

ಕಟ್ಟೆ ಮತ್ತು ಪಾರ

ನಮ್ಮ ಹಿರಿಯರು ಈ ಸಮಸ್ಯೆಗೆ ಎಂದೋ ಪರಿಹಾರ ಕಂಡುಕೊಂಡಿದ್ದರು. ಕನ್ನಡ ನಾಡಿನ ಅಶ್ವತ್ಥಕಟ್ಟೆಗೆ ಮಹಾರಾಷ್ಟ್ರದಲ್ಲಿ 'ಪಾರ' ಎಂದು ಹೆಸರು. ಮರದ ಸುತ್ತಲೂ ಕಟ್ಟೆಯಿರುವುದರಿಂದ ಬೆಳಿಗ್ಗೆ ಪಶ್ಚಿಮದ ಬದಿಯಲ್ಲಿಯೂ ಸಂಜೆ ಪೂರ್ವದ ಬದಿಯಲ್ಲಿಯೂ ಕೂರಬಹುದು. ಚಳಿಯಿದ್ದರೆ ಬಿಸಿಲಿನ ಬದಿಗೆ ಸರಿಯಬಹುದು. ನೆರಳು ಸರಿದಂತೆ ಕುಳಿತವರೂ ಸರಿಯಲು ಅಲ್ಲಿ ಅವಕಾಶವಿದೆ.

ನಮ್ಮಲ್ಲಿ ಅನೇಕರು ವಸತಿ ಸಂಕೀರ್ಣಗಳ ಸಮಿತಿಗಳಲ್ಲಿದ್ದೇವೆ. ಆಸನಗಳನ್ನು ಸಿಮೆಂಟಿನಲ್ಲಿ ಭದ್ರಪಡಿಸುವ ಮುನ್ನ ಒಂದು ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೆರಳಿನ ಗಡಿಯನ್ನು ಸುಣ್ಣದಿಂದ ಗುರುತಿಸೋಣ. ಪಶ್ಚಿಮ ದಿಕ್ಕಿಗೆ ಹೊಂಗೆ, ಬೇವುಗಳನ್ನು ನೆಡೋಣ. ಸಸಿಯು ನೆರಳಾಗಲು ವರ್ಷಗಳು ಬೇಕು. ಆದುದರಿಂದ ಬರುವ ಮಳೆಗಾಲವನ್ನು ಕಳೆದುಕೊಳ್ಳುವುದು ಉಚಿತವಲ್ಲ.